ತಲಪಾಡಿಯ ಆಚೆ ಈಚೆ: ಕಾಸರಗೋಡಿನ ಕನ್ನಡ ಮಕ್ಕಳಿಗೆ ಮೊದಲ ಕೆಲಸದ ದಾರಿ, ಕುಟುಂಬದ ನಂಟು

ಬದಿಯಡ್ಕ, ಪೆರ್ಲ, ಮಂಜೇಶ್ವರ, ಕುಂಬಳೆ, ಮುಳ್ಳೇರಿಯ ಎಲ್ಲಿಂದ ಹೊರಟರೂ ಪ್ಲಸ್ ಟು ಅಥವಾ ಡಿಗ್ರಿ ಮುಗಿಸಿದವರ ಮುಂದೆ ಎರಡು ದಾರಿ ಇವೆ. ಒಂದು ಕೇರಳ ಸರ್ಕಾರದ ಕೆಲಸಗಳದು, ವಿದ್ಯಾನಗರದ ಸಿವಿಲ್ ಸ್ಟೇಷನ್ನಿನ ಕಡೆಗೆ. ಇನ್ನೊಂದು ಬಡಗಕ್ಕೆ, ತಲಪಾಡಿಯ ರಾಜ್ಯಗಡಿ ದಾಟಿ ಮಂಗಳೂರಿಗೆ. ನೆಂಟರೂ ಹೀಗೆಯೇ ಹಂಚಿಹೋಗಿದ್ದಾರೆ. ಸೋದರಮಾವ ಪುತ್ತೂರಿನಲ್ಲಿ, ದೊಡ್ಡಮ್ಮ ಹೊಸದುರ್ಗದಲ್ಲಿ (ಕಾಞಂಗಾಡು), ಭಾವ ದುಬೈಯಲ್ಲಿ, ಚಿಕ್ಕಪ್ಪನ ಮಕ್ಕಳು ಬೆಂಗಳೂರಿನಲ್ಲಿ. ಮೊದಲ ಕೆಲಸದ ಸುದ್ದಿ ಹೆಚ್ಚಾಗಿ ಬರುವುದು ಇವರ ಬಾಯಿಂದ. ಕೆಲಸ ಸಿಕ್ಕ ಮೇಲೆ ಮೊದಲು ಕೈತಪ್ಪುವುದೂ ಇವರೇ. ಆದ್ದರಿಂದ ಎರಡನ್ನೂ ಒಟ್ಟಿಗೇ ಹೇಳುತ್ತೇವೆ.

ಮೊದಲು ಕಾಗದದಲ್ಲಿರುವ ಹೆಸರು

ಅರ್ಜಿ ಬರೆಯುವ ಮುಂಚೆ ಎಸ್‌ಎಸ್‌ಎಲ್‌ಸಿ ಪುಸ್ತಕ, ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಹೆಸರಿನ ಒಂದೊಂದು ಅಕ್ಷರ, ಇನಿಶಿಯಲ್, ಹುಟ್ಟಿದ ತಾರೀಕು ಹೋಲಿಸಿ ನೋಡಿ. ನಮ್ಮ ಜಿಲ್ಲೆಯಲ್ಲಿ ಇಲ್ಲೇ ತೊಡಕು. ಕನ್ನಡದ ಹೆಸರನ್ನು ಮಲಯಾಳದಲ್ಲಿ ಬರೆದು, ಅದನ್ನು ಮತ್ತೆ ಇಂಗ್ಲಿಷಿಗೆ ಇಳಿಸುವಾಗ ದೀರ್ಘ ಹೋಗುತ್ತದೆ, ಒತ್ತಕ್ಷರ ಹೋಗುತ್ತದೆ. ಇನಿಶಿಯಲ್ ಒಂದರಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಒಂದರಲ್ಲಿ ಮನೆ ಹೆಸರು, ಮತ್ತೊಂದರಲ್ಲಿ ತಂದೆಯ ಹೆಸರು. ಶಾಲೆಯಲ್ಲಿ ಇದು ಯಾರಿಗೂ ಅಡ್ಡಿಯಾಗಿರಲಿಲ್ಲ. ಕೆಲಸಕ್ಕೆ ಸೇರಿದ ತಿಂಗಳು ಪಿಎಫ್ (ಭವಿಷ್ಯನಿಧಿ) ಖಾತೆ ತೆರೆಯುವಾಗ ಆಧಾರ್ ಹೊಂದದೆ ಅಲ್ಲೇ ನಿಲ್ಲುತ್ತದೆ.

ಎಸ್‌ಎಸ್‌ಎಲ್‌ಸಿ ಪುಸ್ತಕವನ್ನೇ ಮೂಲವೆಂದು ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಿ, ಏಕೆಂದರೆ ತಿದ್ದಲು ಅತಿ ಕಷ್ಟವಾದದ್ದು ಅದೇ. ಆಧಾರಿನಲ್ಲಿ ಹೆಸರನ್ನು ಬದಲಿಸಲು ಜೀವಮಾನದಲ್ಲಿ 2 ಸಲ, ಹುಟ್ಟಿದ ತಾರೀಕನ್ನು 1 ಸಲ ಮಾತ್ರ ಅವಕಾಶ. ಅಕ್ಷಯ ಕೇಂದ್ರದಲ್ಲಿ (ಸರ್ಕಾರದ ಆನ್‌ಲೈನ್ ಸೇವೆಗಳ ಕೇಂದ್ರ) ಕೂತು ಅವಸರದಲ್ಲಿ ಹೇಳಿ ಬರೆಸಬೇಡಿ. ಬೇಕಾದ ಅಕ್ಷರಗಳನ್ನು ದೊಡ್ಡದಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒತ್ತುವ ಮುಂಚೆ ಪರದೆಯಲ್ಲಿ ನೀವೇ ಓದಿ. ಹಳೆಯ ದಾಖಲೆಯ ಹೆಸರು ತಿದ್ದಲಾಗದಷ್ಟು ಬೇರೆಯಾಗಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ವಿಲೇಜ್ ಆಫೀಸಿನಿಂದ ಪ್ರಮಾಣಪತ್ರ ಪಡೆಯಬಹುದು. ಇ-ಡಿಸ್ಟ್ರಿಕ್ಟ್ ಮೂಲಕ ಅಕ್ಷಯದಲ್ಲೇ ಅದಕ್ಕೆ ಅರ್ಜಿ ಹಾಕಬಹುದು.

ಗಡಿಯಾಚೆ ಹೋಗುವವರು ಬಯೋಡೇಟಾದಲ್ಲಿ ಎರಡು ಸಂಗತಿ ಬಿಡಿಸಿ ಬರೆಯಬೇಕು. ‘ಪ್ಲಸ್ ಟು’ ಅಂದಲ್ಲಿ ‘ಪಿಯುಸಿಗೆ ಸಮ’ ಅಂತ ಸೇರಿಸಿ, ಮಂಗಳೂರಿನ ಎಷ್ಟೋ ಅಂಗಡಿ ಮಾಲಕರಿಗೆ ಕೇರಳದ ಹೆಸರು ಹೊಸದು. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ಇರುವುದು ಗ್ರೇಡ್. ಅವರು ಶೇಕಡಾ ಕೇಳಿದರೆ ಗ್ರೇಡನ್ನೇ ಬರೆಯಿರಿ, ಊಹೆಯ ಅಂಕ ತುಂಬಬೇಡಿ. ಮುಂದೆ ದಾಖಲೆ ಹೋಲಿಸುವಾಗ ಆ ಅಂಕ ಸುಳ್ಳಾಗಿ ಕಾಣುತ್ತದೆ.

ನೆಂಟರ ಪಟ್ಟಿ

ಒಂದು ನೋಟುಪುಸ್ತಕದಲ್ಲಿ ಅಮ್ಮನ ಕಡೆ, ಅಪ್ಪನ ಕಡೆ ಎಂದು ಎರಡು ಭಾಗ ಮಾಡಿ. ಅಜ್ಜಿಯ ಹತ್ತಿರ ಕೂತು ಬರೆಯಿರಿ. ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದೆ, ಯಾರು ಯಾವ ಪೇಟೆಯಲ್ಲಿ ಏನು ಮಾಡುತ್ತಾರೆ ಎಂಬುದು ಮೊಬೈಲಿನಲ್ಲಿ ಸಿಗುವುದಿಲ್ಲ, ಅಜ್ಜಿಯ ಬಾಯಲ್ಲಿ ಸಿಗುತ್ತದೆ. ಪ್ರತಿಯೊಬ್ಬರಿಗೂ ಐದು ಮಾತು ಬೇಕು: ಹೆಸರು, ನಮಗೆ ಏನಾಗಬೇಕು, ಊರು, ಕೆಲಸ, ಫೋನ್ ನಂಬರು. ಮೊಬೈಲಿನಲ್ಲಿ ನಂಬರು ಉಳಿಸುವಾಗ ಹೆಸರಿನ ಜೊತೆಗೆ ಮನೆಯ ಹೆಸರನ್ನೂ ಸೇರಿಸಿ. ನಾಲ್ವರು ‘ಚಿಕ್ಕಪ್ಪ’ಂದಿರು ಇದ್ದ ಮೇಲೆ ಯಾರೆಂದು ಗುರುತಿಸುವುದು ಹೇಗೆ?

30 ಹೆಸರು ಆದರೆ ಅದರಲ್ಲಿ 8 ಅಥವಾ 10 ಜನ ಕೆಲಸದ ಸುದ್ದಿ ಗೊತ್ತಿರುವವರು ಇರುತ್ತಾರೆ: ಆಸ್ಪತ್ರೆಯಲ್ಲಿ ಇರುವವರು, ಅಡಿಕೆ ವ್ಯಾಪಾರದವರು, ಬಟ್ಟೆ ಅಂಗಡಿ, ಸಹಕಾರಿ ಬ್ಯಾಂಕ್, ಪ್ರೆಸ್ಸು, ಶಾಲೆಯ ಆಫೀಸು, ಹೋಟೆಲು. ಅವರಿಗೆ ಬರೆಯುವ ಮಾತು ಹೀಗಿರಲಿ:

‘ಮಾವ, ನಮಸ್ಕಾರ. ನಾನು ಪೆರ್ಲದ ನಿಮ್ಮ ತಂಗಿಯ ಎರಡನೇ ಮಗಳು. ಬಿಕಾಂ ಮುಗಿಯಿತು. ಟ್ಯಾಲಿ ಬರುತ್ತದೆ. ಕನ್ನಡ, ತುಳು, ಮಲಯಾಳ ಮಾತಾಡುತ್ತೇನೆ. ತೊಕ್ಕೊಟ್ಟಿನಿಂದ ಮಂಗಳೂರಿನವರೆಗೆ ಬಿಲ್ಲಿಂಗ್ ಅಥವಾ ಲೆಕ್ಕದ ಕೆಲಸ ನೋಡುತ್ತಿದ್ದೇನೆ. ಜೂನ್ 15ರ ನಂತರ ಸೇರಬಹುದು. ಯಾರನ್ನು ಕೇಳಬೇಕು ಅಂತ ನೀವು ಹೇಳಿದರೆ ನಾನೇ ಹೋಗಿ ವಿಚಾರಿಸುತ್ತೇನೆ. ಅತ್ತೆಗೆ ನಮಸ್ಕಾರ ಹೇಳಿ.’

‘ಏನಾದರೂ ಕೆಲಸ ಇದ್ದರೆ ಹೇಳಿ ಮಾವ’ ಎಂದು ಕೇಳಿದರೆ ಮಾವ ಖಂಡಿತ ‘ಆಯ್ತು ಮಗಾ’ ಅನ್ನುತ್ತಾರೆ, ಮರೆಯುತ್ತಾರೆ. ಅವರ ತಪ್ಪಲ್ಲ, ‘ಏನಾದರೂ’ ಎಂಬುದನ್ನು ಅವರು ಇನ್ನೊಬ್ಬರಿಗೆ ದಾಟಿಸುವುದು ಹೇಗೆ? ಯಾವ ಕೆಲಸ, ಎಲ್ಲಿಂದ ಎಲ್ಲಿಯವರೆಗೆ, ಯಾವಾಗಿನಿಂದ ಎಂಬ ಮೂರು ಇದ್ದರೆ ಅವರು ಅಂಗಡಿಯಲ್ಲಿ ನಿಂತಲ್ಲೇ ಅದನ್ನು ಹೇಳಬಹುದು. ಕೆಲಸ ಕೊಡಿಸಿ ಎಂದು ಕೇಳಬೇಡಿ, ಯಾರನ್ನು ಕೇಳಲಿ ಎಂದು ಕೇಳಿ. ಕೊಡಿಸುವ ಹೊರೆ ಹೊರಿಸಿದರೆ ಕೆಲಸ ಆಗದಿದ್ದಾಗ ಅವರಿಗೆ ಮುಜುಗರ, ಮುಂದಿನ ಮದುವೆಯಲ್ಲಿ ಮುಖ ತಪ್ಪಿಸುತ್ತಾರೆ. ಹದಿನೈದು ದಿನದ ಮೇಲೆ ಇನ್ನೊಮ್ಮೆ ಫೋನ್ ಮಾಡಿ, ವಿಚಾರಿಸಿದ್ದು ಏನಾಯಿತೆಂದು ತಿಳಿಸಿ. ಕೆಲಸ ಆಗದಿದ್ದರೂ ತಿಳಿಸಲೇಬೇಕು. ಹೆಚ್ಚಿನವರು ಬಿಡುವುದು ಇದನ್ನೇ.

ನಮ್ಮ ಕೈಯಲ್ಲಿರುವ ಬಂಡವಾಳ

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೇಳುವುದುಂಟು. ಕೆಲಸದ ಪೇಟೆಯಲ್ಲಿ ಆ ಮಾತಿಗೆ ನಿಜವಾದ ಬೆಲೆ ಇದೆ. ಕಾಸರಗೋಡು, ಕಣ್ಣೂರು ಕಡೆಯ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ದೇರಳಕಟ್ಟೆ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುತ್ತಾರೆ. ಅಲ್ಲಿನ ರಿಸೆಪ್ಷನ್, ಬಿಲ್ಲಿಂಗ್, ಔಷಧದ ಕೌಂಟರ್, ವಿಮೆಯ ಡೆಸ್ಕುಗಳಲ್ಲಿ ಕನ್ನಡ, ತುಳುವಿನ ಜೊತೆಗೆ ಮಲಯಾಳ ಬಲ್ಲವರು ಬೇಕೇ ಬೇಕು. ಬ್ಯಾರಿ ಭಾಷೆಯೂ ಬಂದರೆ ಇನ್ನೂ ಒಳ್ಳೆಯದು. ಬಟ್ಟೆ ಅಂಗಡಿ, ಚಿನ್ನದಂಗಡಿ, ಟ್ರಾವೆಲ್ಸ್, ಕಾಲೇಜು ಪ್ರವೇಶದ ಕಚೇರಿಗಳೂ ಹಾಗೆಯೇ. ಬಯೋಡೇಟಾದ ಕೊನೆಯ ಸಾಲಿನಲ್ಲಿ ಅಡಗಿರುವ ‘ತಿಳಿದ ಭಾಷೆಗಳು’ ಎಂಬುದನ್ನು ಹೆಸರಿನ ಕೆಳಗೇ ತನ್ನಿ. ಮಾತಾಡಲು ಬರುವುದು, ಓದಿ ಬರೆಯಲು ಬರುವುದು ಎಂದು ಬೇರೆ ಬೇರೆ ಬರೆಯಿರಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಲಯಾಳ ಮಾತು ಸರಾಗ, ಲಿಪಿ ಅಷ್ಟಿಲ್ಲ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ತಿಂಗಳು ಬಸ್ಸಿನ ಬೋರ್ಡು, ಪತ್ರಿಕೆಯ ತಲೆಬರಹ ಓದಿದರೆ ಆ ಕೊರತೆ ತುಂಬುತ್ತದೆ. ಕೇರಳದ ಸರ್ಕಾರಿ ಕೆಲಸಕ್ಕೂ ಅದು ಬೇಕಾಗುತ್ತದೆ.

ಕೇರಳದ ದಾರಿಯಲ್ಲಿ

ಮೊದಲನೆಯದು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ನೋಂದಣಿ. ಸರ್ಕಾರಿ ಕಚೇರಿಗಳ ತಾತ್ಕಾಲಿಕ ಹುದ್ದೆಗಳಿಗೆ, ಹೆಚ್ಚಾಗಿ 179 ದಿನದವು, ನೋಂದಣಿಯ ಹಿರಿತನ ನೋಡಿ ಇಲ್ಲಿಂದ ಕರೆ ಬರುತ್ತದೆ. ಕಾರ್ಡಿನಲ್ಲಿ ನಮೂದಿಸಿದ ತಿಂಗಳಿನಲ್ಲಿ, 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಬಿಟ್ಟರೆ ಹಿರಿತನ ಹೋಗುತ್ತದೆ. ಸರ್ಕಾರ ಆಗಾಗ ವಿಶೇಷ ನವೀಕರಣಕ್ಕೆ ಅವಕಾಶ ಕೊಡುತ್ತದಾದರೂ ಅದನ್ನೇ ನಂಬಿ ಕೂರಬೇಡಿ. ಡಿಗ್ರಿ ಆದ ಕೂಡಲೇ ಹೊಸ ಅರ್ಹತೆಯನ್ನೂ ಸೇರಿಸಿಕೊಳ್ಳಿ.

ಎರಡನೆಯದು ಪಿಎಸ್‌ಸಿ, ಅಂದರೆ ಕೇರಳ ಲೋಕಸೇವಾ ಆಯೋಗ. ಒಂದೇ ಸಲದ ನೋಂದಣಿ ಮಾಡಿಕೊಂಡರೆ ಆಮೇಲೆ ಪ್ರತಿ ಹುದ್ದೆಗೂ ಆ ಪ್ರೊಫೈಲಿನಿಂದಲೇ ಅರ್ಜಿ. ಅರ್ಜಿಗೆ ಶುಲ್ಕ ಇಲ್ಲ. ಫೋಟೋದ ಕೆಳಗೆ ಹೆಸರು, ತೆಗೆದ ತಾರೀಕು ಅಚ್ಚಾಗಿರಬೇಕು. ಇಲ್ಲಿ ಜನ ಎಡವುವುದು ಒಂದೇ ಕಡೆ. ಅರ್ಜಿ ಹಾಕಿ ‘ಆಯಿತು’ ಅಂದುಕೊಳ್ಳುತ್ತಾರೆ. ಪರೀಕ್ಷೆಯ ಮುಂಚೆ, ಬರೆಯುತ್ತೇನೆ ಎಂದು ಪ್ರೊಫೈಲಿನಲ್ಲಿ ದೃಢೀಕರಣ ಕೊಡಬೇಕು, ಅದಕ್ಕೆ ಗಡುವು ಇರುತ್ತದೆ. ಕೊಡದಿದ್ದರೆ ಅರ್ಜಿ ತಿರಸ್ಕಾರ. ವಾರಕ್ಕೊಮ್ಮೆ, ಭಾನುವಾರ ಅಂತ ಇಟ್ಟುಕೊಳ್ಳಿ, ಪ್ರೊಫೈಲ್ ತೆರೆದು ನೋಡುವುದು ರೂಢಿಯಾಗಲಿ. ಎಸ್‌ಎಸ್‌ಎಲ್‌ಸಿ ಮಟ್ಟದ ಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಇರುತ್ತದೆ, ಮಾಧ್ಯಮ ಆಯ್ಕೆ ಮಾಡುವಲ್ಲಿ ಗಮನ ಇಡಿ. ಕಾಸರಗೋಡು ಜಿಲ್ಲೆಗೆ ‘ಕನ್ನಡ ಮತ್ತು ಮಲಯಾಳ ಬಲ್ಲ’ ಕ್ಲರ್ಕ್ ಹುದ್ದೆ, ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗಳು ಬೇರೆಯಾಗಿಯೇ ಬರುತ್ತವೆ. ಬೇರೆ ಜಿಲ್ಲೆಯವರ ನೂಕುನುಗ್ಗಲು ಅಲ್ಲಿ ಕಡಿಮೆ. ಶಿಕ್ಷಕರಾಗುವವರಿಗೆ ಕೆ-ಟೆಟ್ (ಶಿಕ್ಷಕ ಅರ್ಹತಾ ಪರೀಕ್ಷೆ) ಕನ್ನಡದಲ್ಲೂ ಬರೆಯಲು ಅವಕಾಶ ಇದೆ. ಲಾಸ್ಟ್ ಗ್ರೇಡ್ ಸರ್ವೆಂಟ್ ಹುದ್ದೆಗೆ ಏಳನೇ ತರಗತಿ ಪಾಸಾಗಿರಬೇಕು, ಪದವಿ ಪಡೆದಿರಬಾರದು. ಡಿಗ್ರಿ ಓದುತ್ತಿರುವವರು ಈ ಅವಕಾಶವನ್ನು ಮುಂಚೆಯೇ ನೋಡಿಕೊಳ್ಳಬೇಕು.

ಪಿಎಸ್‌ಸಿ ಪಟ್ಟಿಯಿಂದ ಕರೆ ಬರಲು ವರ್ಷಗಳೇ ಹಿಡಿಯುತ್ತವೆ. ಅದನ್ನೇ ಕಾಯುತ್ತಾ ಮನೆಯಲ್ಲಿ ಕೂರುವುದು ಸರಿಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಖಾಸಗಿ ಕೆಲಸದಲ್ಲಿದ್ದೇ ಓದಿ, ಬರೆಯಿರಿ.

ಜಾತಿ ಪ್ರಮಾಣಪತ್ರದ ಬಗ್ಗೆ ಒಂದು ಮಾತು: ಕೇರಳದ ಪ್ರಮಾಣಪತ್ರ ಹಿಡಿದು ಕರ್ನಾಟಕ ಸರ್ಕಾರದ ನೇಮಕಾತಿಯಲ್ಲಿ ಜಾತಿ ಮೀಸಲಾತಿ ಕೇಳಲಾಗದು. ಕೇಂದ್ರ ಸರ್ಕಾರದ ಕೆಲಸಕ್ಕೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು, ಬೇರೆ ಅರ್ಜಿ ಹಾಕಿ ತೆಗೆಸಿಕೊಳ್ಳಿ.

ಹೋಗಿ ಬರುವುದೋ, ಅಲ್ಲೇ ಇರುವುದೋ

ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ರೈಲಿನಲ್ಲಿ 46 ಕಿ.ಮೀ. ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ನಡುವಿನ ನಿಲ್ದಾಣಗಳು. ದೇರಳಕಟ್ಟೆಗೆ ಹೋಗುವವರು ಉಳ್ಳಾಲದಲ್ಲಿ ಇಳಿದು ತೊಕ್ಕೊಟ್ಟಿನಿಂದ ಬಸ್ಸು ಹಿಡಿಯಬೇಕು. ತಿಂಗಳ ಸೀಸನ್ ಟಿಕೆಟು ಬಿಡಿ ಟಿಕೆಟಿಗಿಂತ ಬಹಳ ಅಗ್ಗ. ಆದರೆ ಅದರಲ್ಲಿ ರಿಸರ್ವೇಶನ್ ಬೋಗಿ ಹತ್ತುವಂತಿಲ್ಲ, ಸೂಪರ್‌ಫಾಸ್ಟಿಗೆ ಬೇರೆ ಹಣ ಕಟ್ಟಬೇಕು. ಮಂಗಳೂರು ಜಂಕ್ಷನ್ ಬೇರೆ, ಸೆಂಟ್ರಲ್ ಬೇರೆ. ಜಂಕ್ಷನ್ ಎಂದರೆ ಹಳೆಯ ಕಂಕನಾಡಿ ನಿಲ್ದಾಣ. ಸಂದರ್ಶನದ ದಿನ ಇದನ್ನು ತಪ್ಪಿ ಓಡಾಡುವವರು ಈಗಲೂ ಇದ್ದಾರೆ.

ಕೆಲಸ ಒಪ್ಪುವ ಮುಂಚೆ ಒಂದು ಲೆಕ್ಕ ಹಾಕಿ. ಮನೆಯಿಂದ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 26 ದಿನಕ್ಕೆ 78 ಗಂಟೆ ದಾರಿಯಲ್ಲೇ ಹೋಯಿತು. ಪಿಜಿಯಲ್ಲಿ ಇದ್ದರೆ ಆ ಗಂಟೆಗಳು ಉಳಿಯುತ್ತವೆ, ಹಣ ಹೋಗುತ್ತದೆ. ಒಟ್ಟು ಸಂಬಳ 14,000, ಮೂಲವೇತನ 12,000 ಇದ್ದರೆ ಪಿಎಫ್‌ಗೆ 1,440, ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) 105 ಕಳೆದು ಕೈಗೆ ಬರುವುದು 12,455 ರೂಪಾಯಿ. ಊಟ ವಸತಿಗೆ 6,000 ಹೋದರೆ ಉಳಿಯುವುದು 6,455. ಈ ಸಂಖ್ಯೆಗಳ ಜಾಗದಲ್ಲಿ ನಿಮ್ಮದನ್ನು ಹಾಕಿ ನೋಡಿ. ಸಂಬಳ ಚಿಕ್ಕದಾಗಿದ್ದು ಮನೆ ಕುಂಬಳೆ ಮಂಜೇಶ್ವರದ ರೈಲು ದಾರಿಯಲ್ಲೇ ಇದ್ದರೆ ಮೊದಲ ವರ್ಷ ಹೋಗಿ ಬರುವುದೇ ಲೇಸು. ಒಳನಾಡಿನವರಿಗೆ, ಪೆರ್ಲ ಮುಳ್ಳೇರಿಯ ಕಡೆಯವರಿಗೆ, ರಾತ್ರಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದೇ ತೀರ್ಮಾನ ಮಾಡುತ್ತದೆ. ಅಂಗಡಿ ಮುಚ್ಚುವ ಹೊತ್ತು ಕೇಳದೆ ಹೂಂ ಅನ್ನಬೇಡಿ.

ಮಂಗಳೂರಿನಲ್ಲಿ ನೆಂಟರ ಮನೆ ಇದ್ದರೆ ಅಲ್ಲಿ ಉಳಿಯಬಹುದಲ್ಲವೇ? ಒಂದು ತಿಂಗಳು ಉಳಿಯಬಹುದು, ಅದೂ ಹೋಗುವ ಮುಂಚೆಯೇ ‘ಇಂಥ ತಾರೀಕಿನವರೆಗೆ’ ಎಂದು ಹೇಳಿ. ದಿನ ಹೇಳದೆ ಉಳಿದರೆ ಅತ್ತೆ ಬಾಯಿಬಿಟ್ಟು ಹೇಳುವುದಿಲ್ಲ, ನಂಟು ಸವೆಯುತ್ತದೆ. ಆ ತಿಂಗಳಲ್ಲಿ ಹಾಲು, ತರಕಾರಿಯ ಖರ್ಚು ನಿಮ್ಮದಾಗಲಿ.

ಸೇರುವ ದಿನ ಕೇಳಬೇಕಾದ್ದು

ನೇಮಕಾತಿ ಪತ್ರ ಕೇಳಿ. ಹುದ್ದೆ, ಸಂಬಳ, ಕೆಲಸದ ಹೊತ್ತು, ವಾರದ ರಜೆ, ಬಿಡುವಾಗ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದು ಅದರಲ್ಲಿ ಇರಬೇಕು. 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಪಿಎಫ್ ಇರುತ್ತದೆ. 10 ಅಥವಾ ಹೆಚ್ಚು ಜನರಿದ್ದು, ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇದ್ದರೆ ಇಎಸ್‌ಐ ಇರುತ್ತದೆ. ನಿಮ್ಮ ಮೂಲವೇತನದಿಂದ ಪಿಎಫ್‌ಗೆ ಶೇ. 12, ಒಟ್ಟು ಸಂಬಳದಿಂದ ಇಎಸ್‌ಐಗೆ ಶೇ. 0.75 ಕಡಿತ. ಯುಎಎನ್, ಅಂದರೆ ಪಿಎಫ್‌ನ ಗುರುತಿನ ನಂಬರು, ಒಬ್ಬರಿಗೆ ಒಂದೇ. ಕೆಲಸ ಬದಲಾದಾಗ ಹಳೆಯದನ್ನೇ ಕೊಡಿ. ಎರಡಾದರೆ ಹಣ ಒಗ್ಗೂಡಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ನಕಲು ಕೊಡಿ. ‘ಭದ್ರತೆಗೆ ಇಟ್ಟುಕೊಳ್ಳುತ್ತೇವೆ’ ಎನ್ನುವ ಕಡೆ ಸೇರಬೇಡಿ. ಯೂನಿಫಾರ್ಮಿಗೆ, ತರಬೇತಿಗೆ, ಲ್ಯಾಪ್‌ಟಾಪಿಗೆ ಎಂದು ಮುಂಗಡ ಕೇಳುವವರೂ ಹಾಗೆಯೇ. ಮೊಬೈಲಿನಲ್ಲೇ ಲೈಕ್ ಒತ್ತಿ ದಿನಕ್ಕೆ ಸಾವಿರ ದುಡಿಯಿರಿ ಎಂಬ ಟೆಲಿಗ್ರಾಂ ಕೆಲಸದಲ್ಲಿ ಮೊದಲು ಸ್ವಲ್ಪ ಹಣ ಬರುತ್ತದೆ, ಆಮೇಲೆ ನಿಮ್ಮಿಂದ ಕಟ್ಟಿಸಿಕೊಳ್ಳುತ್ತಾರೆ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಖಾತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಗಲ್ಫಿನಿಂದ ನೆಂಟರು ವಿಸಾ ಕಳುಹಿಸುತ್ತೇನೆ ಅಂದರೆ ಪ್ರೀತಿಯಿಂದಲೇ ಎರಡು ಪ್ರಶ್ನೆ ಕೇಳಿ: ಅದು ಕೆಲಸದ ವಿಸಾವೋ ವಿಸಿಟ್ ವಿಸಾವೋ? ಸಂಬಳ ಬರೆದ ಒಪ್ಪಂದ ಇದೆಯೋ? ವಿಸಿಟ್ ವಿಸಾದಲ್ಲಿ ಹೋಗಿ ಕೆಲಸ ಮಾಡಿದರೆ ಅಲ್ಲಿನ ಕಾನೂನಿಗೆ ವಿರುದ್ಧ, ಸಂಬಳ ಕೊಡದಿದ್ದರೂ ಕೇಳುವಂತಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಗಲ್ಫ್ ದೇಶಗಳ ಕೆಲಸಕ್ಕೆ ಎಮಿಗ್ರೇಷನ್ ಅನುಮತಿ ಬೇಕು. ಏಜೆಂಟರ ಪರವಾನಗಿ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಪರವಾನಗಿ ಇರುವವರೂ ಸೇವಾಶುಲ್ಕ ಎಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ಕುಟುಂಬದ ಕ್ಯಾಲೆಂಡರು

ನಮ್ಮ ಕಡೆ ಕುಟುಂಬ ಒಟ್ಟಾಗುವ ದಿನಗಳು ವರ್ಷದ ಒಂದೇ ಭಾಗದಲ್ಲಿ ಕಿಕ್ಕಿರಿದಿವೆ. ತುಲಾ ತಿಂಗಳ ಹತ್ತರ ಪತ್ತಾಮುದಯದಿಂದ, ಅಂದರೆ ಅಕ್ಟೋಬರ್ ಕೊನೆಯಿಂದ, ಮೇ 24ರ ಹೊತ್ತಿನ ಪತ್ತನಾಜೆಯವರೆಗೆ ದೈವಗಳ ನೇಮ, ಕೋಲ, ತೆಯ್ಯಂ, ತಂಬಿಲ, ಜೊತೆಗೆ ಮದುವೆ, ಗೃಹಪ್ರವೇಶ. ಏಪ್ರಿಲ್ ನಡುವೆ ವಿಷು. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮದುವೆ ಇಲ್ಲ. ಆದ್ದರಿಂದ ಜೂನಿನಿಂದ ಆಗಸ್ಟಿನವರೆಗೆ ಸಣ್ಣಪುಟ್ಟ ಕಾರಣಕ್ಕೆ ರಜೆ ಹಾಕಿ ಮುಗಿಸಬೇಡಿ, ಉಳಿಸಿ.

ತೊಂದರೆ ಏನೆಂದರೆ ಮದುವೆಯ ಕಾಲವೇ ಬಟ್ಟೆ ಅಂಗಡಿಗೂ ಚಿನ್ನದಂಗಡಿಗೂ ಸುಗ್ಗಿ, ಆಗ ರಜೆ ಸಿಗುವುದು ಕಷ್ಟ. ಆಸ್ಪತ್ರೆಯಲ್ಲಿ ಪಾಳಿ ಬದಲಾಯಿಸಿಕೊಳ್ಳಬಹುದು: ಓಣಕ್ಕೆ ಊರಿಗೆ ಹೋಗಬೇಕಾದ ಮಲಯಾಳಿ ಸಹೋದ್ಯೋಗಿಯ ಪಾಳಿ ನೀವು ಮಾಡಿ, ನಿಮ್ಮ ಮನೆಯ ನೇಮದ ದಿನ ಅವರು ಮಾಡಲಿ. ಕುಟುಂಬದ ಕಾರ್ಯಕ್ರಮಗಳು ಮುಖ್ಯವೆನಿಸುವವರು ಕೆಲಸ ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೇರಿದ ಮೊದಲ ವಾರದಲ್ಲೇ ವರ್ಷದ ಮೂರು ತಾರೀಕು ಮೇಲಿನವರಿಗೆ ಬರೆದು ಕೊಡಿ: ತರವಾಡು ಮನೆಯ (ಕುಟುಂಬದ ಮೂಲಮನೆ) ನೇಮ ಅಥವಾ ತಂಬಿಲ, ವಿಷು, ಮನೆಯ ಒಂದು ಮದುವೆ. ಮೂರು ತಿಂಗಳ ಮುಂಚೆ ಕೇಳಿದ ರಜೆಗೆ ಇಲ್ಲ ಅನ್ನುವವರು ಕಡಿಮೆ, ಹಿಂದಿನ ಸಂಜೆ ಕೇಳಿದ್ದಕ್ಕೆ ಹೂಂ ಅನ್ನುವವರು ಇನ್ನೂ ಕಡಿಮೆ. ಸಾವಿಗೆ ಮಾತ್ರ ತಾರೀಕು ಇರುವುದಿಲ್ಲ. ಅದಕ್ಕೆಂದು ಎರಡು ರಜೆ ಯಾವಾಗಲೂ ಕೈಯಲ್ಲಿರಲಿ. ಮದುವೆಗೆ ಬರಲಾಗದಿದ್ದರೆ ಫೋನ್ ಮಾಡಿ ಹೇಳಿದರೆ ಸಾಕು, ಮುಂದಿನ ವಾರ ಹೋಗಿ ಮದುಮಕ್ಕಳನ್ನು ನೋಡಬಹುದು. ಸಾವಿನ ಮನೆಗೆ ಆ ದಿನ ಆಗದಿದ್ದರೆ ಉತ್ತರಕ್ರಿಯೆಯ ಮುಂಚೆ ಒಂದು ಸಂಜೆಯಾದರೂ ಹೋಗಿ ಕೂತು ಬನ್ನಿ.

ದಿನನಿತ್ಯದ ನಂಟಿಗೆ ವಾಟ್ಸಾಪ್ ಗುಂಪು ಇದೆ, ಆದರೆ ಅದರಲ್ಲಿ ಒಂದು ಬಿರುಕು ಯಾರ ಗಮನಕ್ಕೂ ಬರುವುದಿಲ್ಲ. ಹೊಸದುರ್ಗದ ಅಣ್ಣನ ಮಕ್ಕಳು ಮಲಯಾಳ ಮಾಧ್ಯಮದಲ್ಲಿ ಓದಿದವರು, ಕನ್ನಡ ಲಿಪಿ ಓದಲಾರರು. ಬೆಂಗಳೂರಿನವರಿಗೆ ಮಲಯಾಳ ಬಾರದು. ಅಜ್ಜನಿಗೆ ಕನ್ನಡ ಬಿಟ್ಟರೆ ಬೇರೆ ಓದಲು ಆಗದು. ಬರೆದದ್ದು ಅರ್ಧ ಜನಕ್ಕೆ ಮುಟ್ಟುವುದಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲೇ, ತುಳುವಾಗಲಿ ಹವ್ಯಕವಾಗಲಿ ಕೊಂಕಣಿಯಾಗಲಿ, ಅರ್ಧ ನಿಮಿಷದ ಧ್ವನಿ ಸಂದೇಶ ಕಳುಹಿಸಿ. ಎಲ್ಲರಿಗೂ ತಿಳಿಯುತ್ತದೆ, ಅಜ್ಜಿ ಅದನ್ನು ಎರಡು ಸಲ ಹಾಕಿಸಿ ಕೇಳುತ್ತಾರೆ. ಮುಂಜಾನೆಯ ಹೂವಿನ ಚಿತ್ರಕ್ಕಿಂತ ಅದು ಮೇಲು.

ಪಟ್ಟಿಯ 30 ಜನರಿಗೆ ವಾರಕ್ಕೆ ಇಬ್ಬರಂತೆ ಫೋನ್ ಮಾಡಿದರೆ ನಾಲ್ಕು ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ರೈಲು ಕಾಯುವ ಹತ್ತು ನಿಮಿಷ ಅದಕ್ಕೆ ಸಾಕು. ಮೊದಲ ಸಂಬಳ ಬಂದ ದಿನ, ಕೆಲಸದ ಸುಳಿವು ಕೊಟ್ಟವರಿಗೆ ಮೊದಲ ಕರೆ ಹೋಗಲಿ. ತರವಾಡಿನ ವಂತಿಗೆಗೆ ತಿಂಗಳಿಗೆ 200 ರೂಪಾಯಿಯಾದರೂ ಬೇರೆ ತೆಗೆದಿಟ್ಟರೆ ನೇಮದ ಹೊತ್ತಿಗೆ ಸಾಲ ಕೇಳುವುದು ತಪ್ಪುತ್ತದೆ. ಸಂಬಳ ಎಷ್ಟೆಂದು ನೆಂಟರು ಕೇಳಿಯೇ ಕೇಳುತ್ತಾರೆ. ಹೆಚ್ಚಿಸಿ ಹೇಳಿದರೆ ಸಾಲ ಕೇಳುವವರು ಬರುತ್ತಾರೆ, ಮುಚ್ಚಿಟ್ಟರೆ ಬೇಸರವಾಗುತ್ತದೆ. ಕೈಗೆ ಬರುವಷ್ಟನ್ನೇ ಹೇಳಿ.

ಕೆಲಸ ಬಿಡುವುದಾದರೆ ನೇಮಕಾತಿ ಪತ್ರದಲ್ಲಿ ಇರುವಷ್ಟು ದಿನ ಮುಂಚೆ ಬರೆದು ಕೊಟ್ಟು, ಅನುಭವ ಪತ್ರ, ಕೊನೆಯ ಮೂರು ತಿಂಗಳ ಸಂಬಳ ಚೀಟಿ ತೆಗೆದುಕೊಂಡು ಬನ್ನಿ. ಅದಕ್ಕೂ ಮುಂಚೆ, ಆ ಕೆಲಸ ತೋರಿಸಿದ ಮಾವನಿಗೆ ನೀವೇ ಫೋನ್ ಮಾಡಿ ಕಾರಣ ಹೇಳಿ. ಅಂಗಡಿಯ ಮಾಲಕರ ಬಾಯಿಂದ ಅವರು ಅದನ್ನು ಕೇಳುವಂತಾಗಬಾರದು. ನಾಳೆ ಅದೇ ಅಂಗಡಿಗೆ ನಿಮ್ಮ ತಮ್ಮನನ್ನು ಕಳುಹಿಸಬೇಕಾದವರು ಅವರೇ.